ಬೆಂಗಳೂರಿನಲ್ಲಿ ಮನೆ ಕಟ್ಟುವವರಿಗೆ, ನವೀಕರಿಸುವವರಿಗೆ: ಮಳೆನೀರು, ಸೋಲಾರ್ ಮತ್ತು ತಾರಸಿಯ ನಿಯಮಗಳನ್ನು ಪಾಲಿಸುವ ಅನುಕ್ರಮ

ಮನೆಯ ಬಣ್ಣ ಬಳಿದಾಗಿದೆ, ಗೃಹಪ್ರವೇಶದ ದಿನ ಗೊತ್ತಾಗಿದೆ, ಆದರೆ ಕಾಯಂ ವಿದ್ಯುತ್ ಸಂಪರ್ಕದ ಅರ್ಜಿ ವಾಪಸು ಬಂದಿದೆ. ಸೋಲಾರ್ ವಾಟರ್ ಹೀಟರ್ ಎಲ್ಲಿ ಎಂದು ಕೇಳುತ್ತಾರೆ. ಮಳೆನೀರು ಕೊಯ್ಲಿನ ವ್ಯವಸ್ಥೆ ಇಲ್ಲವೆಂದು ನೀರಿನ ಬಿಲ್ಲಿನಲ್ಲಿ ತಿಂಗಳು ತಿಂಗಳೂ ದಂಡ ಸೇರುತ್ತದೆ. ಆಗ ಟೈಲ್ಸ್ ಒಡೆದು ಬಿಸಿನೀರಿನ ಪೈಪು ಎಳೆಯುತ್ತಾರೆ, ಕಾರು ನಿಲ್ಲಿಸುವ ಜಾಗವನ್ನು ಅಗೆದು ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿ ತೋಡುತ್ತಾರೆ, ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿದ ತಾರಸಿಗೆ ಡ್ರಿಲ್ ಹಾಕುತ್ತಾರೆ. ಮೂರು ವರ್ಷಕ್ಕೆ ಅದೇ ತಾರಸಿ ಸೋರುತ್ತದೆ.

ಇಂತಹ ಮನೆಗಳನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾದ ಸಂಗತಿಯೆಂದರೆ, ಹಣ ಸಾಲದೆ ನಿಯಮ ತಪ್ಪಿದವರಿಗಿಂತ ಕೆಲಸದ ಅನುಕ್ರಮ ತಪ್ಪಿ ಸಿಕ್ಕಿಹಾಕಿಕೊಂಡವರೇ ಹೆಚ್ಚು. ಪಾಯದ ಹಂತದಲ್ಲಿ ಒಂದೇ ದಿನದಲ್ಲಿ ಮುಗಿಯುವ ಕೆಲಸವು ಗಾರೆ ಮುಗಿದ ಮೇಲೆ ಒಂದು ವಾರ ಹಿಡಿಯುತ್ತದೆ ಮತ್ತು ಎಂದಿಗೂ ಪೂರ್ತಿ ಸರಿಯಾಗುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯು ಯಾವ ಕೆಲಸ ಯಾವುದಕ್ಕಿಂತ ಮೊದಲು ಆಗಬೇಕೆಂಬುದರ ಸುತ್ತಲೇ ಸಾಗುತ್ತದೆ. ಲೆಕ್ಕಗಳಿಗೆ 30×40 ಅಡಿಯ, ಅಂದರೆ 1,200 ಚದರ ಅಡಿಯ ನಿವೇಶನವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

## ಯಾವ ನಿಯಮ ಯಾರಿಗೆ ಅನ್ವಯಿಸುತ್ತದೆ

ಮಳೆನೀರು ಕೊಯ್ಲು: ಬೆಂಗಳೂರು ಜಲಮಂಡಳಿಯ 1964ರ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಇದನ್ನು ಕಡ್ಡಾಯಗೊಳಿಸಲಾಯಿತು. ಆ ನಿಯಮದ ಪ್ರಕಾರ 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಕಟ್ಟುವ ಹೊಸ ಮನೆಗೂ, 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿರುವ ಹಳೆಯ ಕಟ್ಟಡಕ್ಕೂ ಮಳೆನೀರು ಕೊಯ್ಲು ಬೇಕೇ ಬೇಕು. ಪಾಲಿಸದವರಿಗೆ ನೀರಿನ ಬಿಲ್ಲಿನ ಶೇಕಡಾವಾರು ಲೆಕ್ಕದಲ್ಲಿ ಪ್ರತಿ ತಿಂಗಳೂ ದಂಡ ಬೀಳುತ್ತದೆ. ವ್ಯವಸ್ಥೆ ಮಾಡಿ ತೋರಿಸುವವರೆಗೆ ಅದು ನಿಲ್ಲುವುದಿಲ್ಲ.

ಸೋಲಾರ್ ವಾಟರ್ ಹೀಟರ್: ರಾಜ್ಯ ಸರ್ಕಾರದ 2007ರ ಆದೇಶದಿಂದ ಇದು ಹೊಸ ಮನೆಗಳಿಗೆ ಕಡ್ಡಾಯವಾಗಿದೆ. ಇದನ್ನು ಕಾಯಂ ಸಂಪರ್ಕ ಕೊಡುವಾಗ ವಿದ್ಯುತ್ ಕಂಪನಿಯೇ ಪರಿಶೀಲಿಸುತ್ತದೆ. ಆದ್ದರಿಂದ ಈ ನಿಯಮದಿಂದ ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಕುತ್ತ ಸಮಯ ಕಳೆಯುವುದು ವ್ಯರ್ಥ.

ಇಕೋ ನಿವಾಸ್ ಸಂಹಿತೆ: ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇ 2018ರ ಡಿಸೆಂಬರ್‌ನಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಸಂಹಿತೆಯಿದು. ಗೋಡೆ, ಕಿಟಕಿ, ತಾರಸಿಗಳ ಮೂಲಕ ಎಷ್ಟು ಶಾಖ ಒಳಗೆ ಬರಬಹುದು, ಎಷ್ಟು ಗಾಳಿ ಬೆಳಕು ಬರಲೇಬೇಕು ಎಂಬುದಕ್ಕೆ ಇದು ಅಂಕಿಗಳನ್ನು ಕೊಡುತ್ತದೆ. ಸಂಹಿತೆ ರೂಪುಗೊಂಡಿರುವುದು 500 ಚದರ ಮೀಟರ್, ಅಂದರೆ ಸುಮಾರು 5,380 ಚದರ ಅಡಿ ಮತ್ತು ಅದಕ್ಕೂ ಮಿಗಿಲಾದ ನಿವೇಶನಗಳಿಗೆ. ನಿಮ್ಮ 30×40 ಮನೆಗೆ ಅದು ಕಟ್ಟುಪಾಡಲ್ಲ. ಆದರೂ ಅದರ ಅಳತೆಗಳನ್ನೇ ಹಿಡಿದು ಕಟ್ಟಿ ಎಂಬುದು ನನ್ನ ಸಲಹೆ, ಏಕೆಂದರೆ ಏಪ್ರಿಲ್ ತಿಂಗಳಲ್ಲಿ ಮೇಲಿನ ಮಹಡಿಯ ಮಲಗುವ ಕೋಣೆ ಕಾದ ಹೆಂಚಾಗುವುದನ್ನು ತಡೆಯಲು ಇದಕ್ಕಿಂತ ಸ್ಪಷ್ಟವಾದ ಅಳತೆಗೋಲು ಮನೆ ಕಟ್ಟುವವರ ಕೈಗೆ ಸಿಕ್ಕಿಲ್ಲ.

## ಕೆಲಸ ಶುರುವಾಗುವ ಮುನ್ನ ಕೈಯಲ್ಲಿರಬೇಕಾದವು

ಕಾಗದಗಳು: ಖಾತಾ, ಮಂಜೂರಾದ ನಕ್ಷೆ, ತಾತ್ಕಾಲಿಕ ವಿದ್ಯುತ್ ಸಂಪರ್ಕದ ಪತ್ರ ಮತ್ತು ಇವುಗಳ ಜೊತೆಗೆ ಹೆಚ್ಚಿನವರು ಮಾಡಿಸದ ಎರಡು ಹಾಳೆಗಳು. ಮೊದಲನೆಯದು ತಾರಸಿಯ ನಕ್ಷೆ. ಓವರ್‌ಹೆಡ್ ಟ್ಯಾಂಕ್, ಸೋಲಾರ್ ಹೀಟರ್, ಮುಂದೆ ಹಾಕಬಹುದಾದ ಸೋಲಾರ್ ಫಲಕ, ಮಳೆನೀರಿನ ಪೈಪುಗಳು ಎಲ್ಲೆಲ್ಲಿ ಬರುತ್ತವೆಂದು ಇದರಲ್ಲಿ ಗುರುತಾಗಿರಬೇಕು. ಎರಡನೆಯದು ನೆಲದಡಿಯ ನಕ್ಷೆ. ಸಂಪು (ನೆಲದಡಿಯ ನೀರಿನ ತೊಟ್ಟಿ), ಇಂಗುಬಾವಿ, ಒಳಚರಂಡಿ ಪೈಪು, ಅರ್ಥಿಂಗ್ ಗುಂಡಿಗಳು ಇದರಲ್ಲಿ ಬರುತ್ತವೆ. ಈ ಎರಡನ್ನೂ ಎಂಜಿನಿಯರ್ ಕೈಯಿಂದಲೇ ಬರೆಸಿ, ಪ್ರತಿಗಳನ್ನು ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಮೂವರಿಗೂ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಮೋಲ್ಡಿನ ದಿನ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ದಿನ, ಯಾರಿಗೂ ನೆನಪಿರುವುದಿಲ್ಲ.

ಸಲಕರಣೆಗಳು: ಅಳತೆ ಟೇಪು, ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಟ್ಯೂಬು, ದಿಕ್ಸೂಚಿ ಮತ್ತು ಪ್ರತಿ ಹಂತದಲ್ಲೂ ಫೋಟೊ ತೆಗೆಯಲು ಒಂದು ಫೋನು. ದಿಕ್ಸೂಚಿಯನ್ನು ಅಲಕ್ಷಿಸಬೇಡಿ. ರಸ್ತೆ ದಕ್ಷಿಣಕ್ಕಿದೆ ಎಂದು ನಂಬಿದ್ದ ಮನೆಯ ದಿಕ್ಕು ಇಪ್ಪತ್ತು, ಮೂವತ್ತು ಡಿಗ್ರಿ ವಾಲಿರುವುದು ಬೆಂಗಳೂರಿನ ಬಡಾವಣೆಗಳಲ್ಲಿ ಅಪರೂಪವಲ್ಲ.

ಮಳೆನೀರು ಕೊಯ್ಲಿನ ಮಾದರಿಗಳನ್ನು ಕಣ್ಣಾರೆ ಕಾಣಲು ಜಯನಗರ 5ನೇ ಬಡಾವಣೆಯಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ. ನಕ್ಷೆ ಬರೆಸುವ ಮುನ್ನ ಪ್ಲಂಬರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಬನ್ನಿ.

## ಹಂತ 1: ನಕ್ಷೆಗೆ ಮುನ್ನ ಮಳೆಯ ಲೆಕ್ಕ

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 80 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 77,600 ಲೀಟರ್ ಬೀಳುತ್ತದೆ. ಅಷ್ಟನ್ನೂ ಹಿಡಿಯಲಾಗದು, ಆವಿಯಾಗುವುದು, ಸೋರುವುದು, ಮೊದಲ ಕೊಳೆ ನೀರನ್ನು ಹೊರಬಿಡುವುದು ಎಲ್ಲ ಕಳೆದರೂ ಮುಕ್ಕಾಲು ಪಾಲು ದಕ್ಕುತ್ತದೆ.

ಸಂಪು ಮತ್ತು ಇಂಗುಬಾವಿಯ ಗಾತ್ರವನ್ನು ವರ್ಷದ ಮಳೆಯಿಂದ ನಿರ್ಧರಿಸಬಾರದು. ಒಂದೇ ಬಿರುಮಳೆಗೆ ಎಷ್ಟು ನೀರು ಬರುತ್ತದೆಂಬುದೇ ಮುಖ್ಯ. ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಲ್ಲು ಅಥವಾ ಟೈಲ್ಸ್ ಹಾಸಿದ ಅಂಗಳದ ಪ್ರತಿ ಚದರ ಮೀಟರಿಗೆ 30 ಲೀಟರ್ ಎಂದು ಹಿಡಿಯಿರಿ. 80 ಚದರ ಮೀಟರ್ ತಾರಸಿಗೆ 4,800 ಲೀಟರ್, 20 ಚದರ ಮೀಟರ್ ಅಂಗಳಕ್ಕೆ 600 ಲೀಟರ್. ಒಟ್ಟು 5,400 ಲೀಟರ್. ಇದರಲ್ಲಿ ಒಂದು ಭಾಗಕ್ಕೆ ಸಂಪಿನಲ್ಲಿ ಜಾಗವಿರಬೇಕು, ಉಳಿದದ್ದು ಇಂಗುಬಾವಿಗೆ ಹೋಗಬೇಕು. ಮೂರು ಅಡಿ ವ್ಯಾಸದ, ಇಪ್ಪತ್ತು ಅಡಿ ಆಳದ ಬಾವಿಯಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಮಳೆ ಬರುತ್ತಿರುವಾಗಲೇ ನೀರು ಇಂಗುತ್ತಲೂ ಇರುವುದರಿಂದ ನಿಜವಾದ ಸಾಮರ್ಥ್ಯ ಇನ್ನೂ ಹೆಚ್ಚು.

ನಿವೇಶನದಲ್ಲಿ ಮರವಿದ್ದರೆ ಅದನ್ನು ನಕ್ಷೆಯಲ್ಲಿ ಗುರುತಿಸಿಯೇ ಮುಂದುವರಿಯಿರಿ. ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಪಶ್ಚಿಮದಲ್ಲಿರುವ ಮರವಾದರೆ ಅದು ಕೊಡುವ ನೆರಳಿಗೆ ಯಾವ ಗಾಜೂ ಸಮನಲ್ಲ. ಕೊಳವೆಬಾವಿ ಕೊರೆಸುವ ಯೋಚನೆಯಿದ್ದರೆ ಅದಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. 2011ರ ಅಂತರ್ಜಲ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ.

## ಹಂತ 2: ಪಾಯದ ಜೊತೆಯಲ್ಲೇ ಸಂಪು ಮತ್ತು ಇಂಗುಬಾವಿ

ಮಣ್ಣು ಅಗೆಯುವ ಯಂತ್ರ ನಿವೇಶನದಲ್ಲಿ ಇರುವಾಗಲೇ ಸಂಪಿನ ಗುಂಡಿ ಮುಗಿಯಬೇಕು. ಇಂಗುಬಾವಿಯನ್ನು ಮಾತ್ರ ಯಂತ್ರದಿಂದ ತೋಡಿಸದೆ ಬಾವಿ ತೋಡುವುದನ್ನೇ ಕಸುಬಾಗಿಸಿಕೊಂಡವರಿಂದ ಮಾಡಿಸಿ. ಬೆಂಗಳೂರಿನಲ್ಲಿ ಮಣ್ಣು ವಡ್ಡರ ಸಮುದಾಯದವರು ತಲೆಮಾರುಗಳಿಂದ ಈ ಕೆಲಸ ಮಾಡುತ್ತಿದ್ದಾರೆ. ಮಣ್ಣಿನ ಪದರ ಎಲ್ಲಿ ಬದಲಾಗುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಕೈಯಲ್ಲೇ ತಿಳಿಯುತ್ತದೆ. ಆಳಕ್ಕೆ ಇಳಿಯುವವರಿಗೆ ಹಗ್ಗ, ಮೇಲೆ ಕಾಯುವ ಇನ್ನೊಬ್ಬ ವ್ಯಕ್ತಿ ಮತ್ತು ಗಾಳಿಯಾಡುವ ವ್ಯವಸ್ಥೆ ಇರಲೇಬೇಕು. ಬಹಳ ದಿನ ಮುಚ್ಚಿಟ್ಟ ಬಾವಿಗೆ ಯಾರನ್ನೂ ಏಕಾಏಕಿ ಇಳಿಸಬೇಡಿ. ಅಲ್ಲಿ ವಿಷಗಾಳಿ ಇರಬಹುದು.

ಇಂಗುಬಾವಿಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಸಿಮೆಂಟಿನ ಮೋಹ. ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ ಮೇಲೆ, ಅಚ್ಚುಕಟ್ಟಾಗಿ ಕಾಣಲೆಂದು ಮೇಸ್ತ್ರಿ ಸಂದುಗಳಿಗೆ ಗಾರೆ ಮೆತ್ತುತ್ತಾನೆ, ತಳಕ್ಕೆ ಕಾಂಕ್ರೀಟ್ ಸುರಿಯುತ್ತಾನೆ. ಆಗ ಅದು ಇಂಗುಬಾವಿಯಾಗಿ ಉಳಿಯದೆ ಇನ್ನೊಂದು ಸಂಪಾಗುತ್ತದೆ. ಸಂದುಗಳು ತೆರೆದಿರಬೇಕು, ತಳ ಮಣ್ಣಾಗಿಯೇ ಇರಬೇಕು, ರಿಂಗಿನ ಹೊರಸುತ್ತಿಗೆ ದಪ್ಪ ಜಲ್ಲಿ ತುಂಬಬೇಕು. ಮೇಲಿನ ಒಂದೆರಡು ರಿಂಗುಗಳ ಸಂದನ್ನು ಮಾತ್ರ ಮುಚ್ಚಬಹುದು. ಬಾಯಿಗೆ ಮಕ್ಕಳು ಎತ್ತಲಾಗದಷ್ಟು ಭಾರದ ಮುಚ್ಚಳ ಹಾಕಿ.

ಒಳಚರಂಡಿಯ ಚೇಂಬರಿನ ಪಕ್ಕದಲ್ಲಿ ಇಂಗುಬಾವಿ ಬೇಡವೇ ಬೇಡ. ಸಣ್ಣ ನಿವೇಶನದಲ್ಲಿ ಈ ಎರಡರಲ್ಲಿ ಒಂದನ್ನು ಮುಂಭಾಗಕ್ಕೂ ಇನ್ನೊಂದನ್ನು ಹಿಂಭಾಗಕ್ಕೂ ಹಾಕಿದರೆ ಅಂತರ ಸಿಗುತ್ತದೆ. ಮಳೆನೀರಿನ ಪೈಪನ್ನು ಒಳಚರಂಡಿಗೆ ಸೇರಿಸುವುದು ಕಾನೂನುಬಾಹಿರ ಮಾತ್ರವಲ್ಲ; ದೊಡ್ಡ ಮಳೆಯಲ್ಲಿ ಬೀದಿಯ ಮ್ಯಾನ್‌ಹೋಲ್ ಉಕ್ಕಿ ತಗ್ಗಿನ ಮನೆಗಳೊಳಗೆ ಕೊಳಚೆ ನುಗ್ಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸಂಪಿನ ವಿಷಯದಲ್ಲಿ ಒಂದು ಸಣ್ಣ ಉಪಾಯ ಬಹಳ ಉಪಯೋಗಕ್ಕೆ ಬರುತ್ತದೆ. ಕಾವೇರಿ ನೀರಿನ ಬಾಲ್ ವಾಲ್ವನ್ನು ಸಂಪಿನ ಅರ್ಧ ಎತ್ತರದಲ್ಲಿ ನಿಲ್ಲುವಂತೆ ಹೊಂದಿಸಿ. ಮೇಲಿನ ಅರ್ಧ ಮಳೆಗಾಗಿ ಖಾಲಿ ಉಳಿಯುತ್ತದೆ. ಹೀಗೆ ಮಾಡದಿದ್ದರೆ ಮಳೆ ಬರುವ ಹೊತ್ತಿಗೆ ಸಂಪು ತುಂಬಿಯೇ ಇರುತ್ತದೆ ಮತ್ತು ಶುದ್ಧವಾದ ತಾರಸಿ ನೀರೆಲ್ಲ ಇಂಗುಬಾವಿಗೇ ಹೋಗುತ್ತದೆ.

ಕಟ್ಟಡದ ಕೆಲಸಕ್ಕೆ ಬೇಕಾದ ನೀರಿನ ಬಗ್ಗೆಯೂ ಇಲ್ಲೇ ತೀರ್ಮಾನವಾಗಬೇಕು. 2024ರ ಬರದ ಸಮಯದಲ್ಲಿ, ಮಾರ್ಚ್ ತಿಂಗಳಲ್ಲಿ, ಜಲಮಂಡಳಿಯು ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಇಂಗುಬಾವಿಯನ್ನು ಮೊದಲೇ ತೋಡಿದ್ದರೆ ಮಳೆಗಾಲದಲ್ಲಿ ಅದರ ನೀರೇ ಕಾಂಕ್ರೀಟನ್ನು ಒದ್ದೆಯಾಗಿಟ್ಟು ಗಟ್ಟಿಗೊಳಿಸುವ ಕ್ಯೂರಿಂಗ್‌ಗೆ ಸಿಗಬಹುದು.

## ಹಂತ 3: ಗೋಡೆ ಏಳುವಾಗ ಕಿಟಕಿಯ ಲೆಕ್ಕ

ಇಕೋ ನಿವಾಸ್ ಸಂಹಿತೆಯಲ್ಲಿ ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರುತ್ತದೆ. ಇಲ್ಲಿ ತೆರೆಯಬಲ್ಲ ಕಿಟಕಿಗಳ ವಿಸ್ತೀರ್ಣವು ಕಾರ್ಪೆಟ್ ವಿಸ್ತೀರ್ಣದ (ಗೋಡೆಗಳ ನಡುವಿನ ಬಳಕೆಯ ನೆಲದ) ಕನಿಷ್ಠ ಶೇ 12.5ರಷ್ಟು ಇರಬೇಕು. ಮಂಗಳೂರಿನಂತಹ ಸೆಕೆಯ ಕರಾವಳಿಗೆ ಇದೇ ಪ್ರಮಾಣ ಶೇ 16.66. ‘ತೆರೆಯಬಲ್ಲ’ ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಹಳಿಯ ಜಾರುವ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಆದ್ದರಿಂದ ಲೆಕ್ಕಕ್ಕೆ ಅರ್ಧವೇ ಸಿಗುತ್ತದೆ. ಹೊರಕ್ಕೆ ತೆರೆಯುವ ರೆಕ್ಕೆಯ ಕಿಟಕಿಗೆ ಶೇ 90 ಸಿಗುತ್ತದೆ.

ಕಾರ್ಪೆಟ್ ವಿಸ್ತೀರ್ಣ 900 ಚದರ ಅಡಿಯಿದ್ದರೆ ಬೇಕಾದದ್ದು 112.5 ಚದರ ಅಡಿ. 4×5 ಅಡಿಯ ಜಾರುವ ಕಿಟಕಿಯಿಂದ 10 ಚದರ ಅಡಿ ಬರುತ್ತದೆ, ಅದೇ ಅಳತೆಯ ರೆಕ್ಕೆಯ ಕಿಟಕಿಯಿಂದ 18 ಚದರ ಅಡಿ. ಹನ್ನೆರಡು ಕಿಟಕಿ ಮಾಡಬೇಕಾದಲ್ಲಿ ಏಳು ಸಾಕಾಗುತ್ತದೆ. ಬಾಲ್ಕನಿಗೆ ತೆರೆಯುವ ಬಾಗಿಲುಗಳೂ ಲೆಕ್ಕಕ್ಕೆ ಸೇರುತ್ತವೆ. ನೋಡಲು ಚೆನ್ನಾಗಿದೆಯೆಂದು ಇಡೀ ಮನೆಗೆ ಜಾರುವ ಕಿಟಕಿ ಹಾಕಿಸಿ, ಆಮೇಲೆ ಗಾಳಿಯಿಲ್ಲವೆಂದು ಎಸಿ ಕೊಳ್ಳುವ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ತಂಪಾದ ಗಾಳಿ ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಪುಕ್ಕಟೆಯಾಗಿಯೇ ಸಿಗುತ್ತದೆ.

ಸಜ್ಜದ ವಿಚಾರದಲ್ಲಿ ದಿಕ್ಕು ಮುಖ್ಯ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಆದ್ದರಿಂದ ಉತ್ತರದ ಕಿಟಕಿಗೂ ದಕ್ಷಿಣದ ಕಿಟಕಿಗೂ ಎರಡು ಅಡಿಯ ಅಡ್ಡ ಸಜ್ಜ ಚೆನ್ನಾಗಿ ಕೆಲಸ ಮಾಡುತ್ತದೆ. ಪೂರ್ವ ಪಶ್ಚಿಮಗಳಲ್ಲಿ ಬಿಸಿಲು ಓರೆಯಾಗಿ, ಸಜ್ಜದ ಕೆಳಗಿನಿಂದ ನುಗ್ಗುತ್ತದೆ. ಅಲ್ಲಿ ನೆಟ್ಟನೆಯ ಪಕ್ಕೆಗೋಡೆ, ತೂತುಗಳಿರುವ ಜಾಲಿಗೋಡೆ ಅಥವಾ ಹೊರಗಿನ ಬಿದಿರಿನ ಪರದೆ ಬೇಕು. ಒಳಗಿನ ಬಟ್ಟೆಯ ಪರದೆಯು ಬೆಳಕನ್ನು ತಡೆಯುತ್ತದೆಯೇ ಹೊರತು, ಗಾಜು ದಾಟಿ ಒಳಬಂದ ಶಾಖವನ್ನು ಹೊರಗೆ ಕಳುಹಿಸುವುದಿಲ್ಲ.

ಗೋಡೆಯ ಸಾಮಗ್ರಿಯ ಆಯ್ಕೆಯಲ್ಲಿ ವ್ಯತ್ಯಾಸ ಬಹಳ. ಎಂಟು ಇಂಚಿನ ಘನ ಕಾಂಕ್ರೀಟ್ ಬ್ಲಾಕು ಶಾಖವನ್ನು ಸಲೀಸಾಗಿ ಒಳಗೆ ಬಿಡುತ್ತದೆ, ಒಂಬತ್ತು ಇಂಚಿನ ಇಟ್ಟಿಗೆ ಅದಕ್ಕಿಂತ ಮೇಲು, ಅದೇ ದಪ್ಪದ ಎಎಸಿ ಬ್ಲಾಕು (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್) ಇಟ್ಟಿಗೆಯ ಗೋಡೆಗೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ಶಾಖವನ್ನು ದಾಟಿಸುತ್ತದೆ. ಎಲ್ಲ ಗೋಡೆಗಳಿಗೂ ಖರ್ಚು ಮಾಡಲಾಗದಿದ್ದರೆ ಪಶ್ಚಿಮದ ಗೋಡೆಯೊಂದಕ್ಕಾದರೂ ಒಳ್ಳೆಯ ಬ್ಲಾಕು ಬಳಸಿ. ಎಎಸಿ ಬ್ಲಾಕಿಗೆ ಅದರದೇ ಅಂಟುಗಾರೆ ಬೇಕು ಮತ್ತು ಕಾಲಮ್ಮಿಗೆ ಗೋಡೆ ಸೇರುವಲ್ಲಿ ಜಾಲರಿ ಹಾಕಿ ಗಾರೆ ಮಾಡಬೇಕು. ಇವೆರಡನ್ನೂ ಬಿಟ್ಟರೆ ಬಿರುಕು ಖಂಡಿತ. ದೊಡ್ಡ ನಿವೇಶನದವರು ಗೋಡೆ ಕಿಟಕಿಗಳ ಒಟ್ಟು ಶಾಖ ವರ್ಗಾವಣೆ ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರದಂತೆ ನೋಡಿಕೊಳ್ಳಬೇಕು. ಬಿಇಇ ಒದಗಿಸಿರುವ ಉಚಿತ ಲೆಕ್ಕದ ತಂತ್ರಾಂಶದಲ್ಲಿ ನಿಮ್ಮ ಎಂಜಿನಿಯರ್ ಇದನ್ನು ಲೆಕ್ಕ ಹಾಕಿ ತೋರಿಸಬಲ್ಲರು.

## ಹಂತ 4: ತಾರಸಿ, ಎಲ್ಲ ತಪ್ಪುಗಳೂ ಸೇರುವ ಜಾಗ

ತಾರಸಿಯ ಮೇಲೆ ಐದು ಕೆಲಸಗಳು ಬರುತ್ತವೆ. ಅವು ಈ ಸಾಲಿನಲ್ಲೇ ನಡೆಯಬೇಕು: ಮೊದಲು ಮೋಲ್ಡಿನೊಳಗೆ ಹೋಗಬೇಕಾದ ಪೈಪುಗಳು, ಆಮೇಲೆ ಸೋಲಾರ್ ಸ್ಟ್ಯಾಂಡಿನ ಕಾಂಕ್ರೀಟ್ ಪೀಠಗಳು, ಅನಂತರ ಇಳಿಜಾರು ಮತ್ತು ವಾಟರ್‌ಪ್ರೂಫಿಂಗ್, ಅದರ ಮೇಲೆ ಶಾಖನಿರೋಧಕ ಹಾಳೆ, ಕಡೆಯಲ್ಲಿ ಬಿಳಿಯ ಮೇಲ್ಪದರ.

ಮೋಲ್ಡಿನ ಹಿಂದಿನ ದಿನ ನೀವೇ ತಾರಸಿ ಹತ್ತಿ ಎಣಿಸಿ. ಮಳೆನೀರಿಗೆ ಎಷ್ಟು ಪೈಪು? 75 ಮಿಲಿಮೀಟರ್ ಪ್ರತಿ ಗಂಟೆಯ ಬಿರುಸಿನ ಮಳೆಗೆ ಒಂದು ನಾಲ್ಕು ಇಂಚಿನ ಪೈಪು ಸುಮಾರು 57 ಚದರ ಮೀಟರ್ ತಾರಸಿಯ ನೀರನ್ನು ಇಳಿಸಬಲ್ಲದು. 80 ಚದರ ಮೀಟರಿಗೆ ಎರಡಾದರೂ ಬೇಕು. ಸೋಲಾರ್ ಫಲಕದ ತಂತಿಗೆ ಖಾಲಿ ಕೊಳವೆ, ಬಿಸಿನೀರು ಇಳಿಯುವ ಪೈಪಿನ ದಾರಿ, ಸಿಡಿಲುನಿರೋಧಕದ ಪಟ್ಟಿ ಇಳಿಯುವ ದಾರಿ, ಇವೆಲ್ಲ ಇವೆಯೇ? ಇಲ್ಲದಿದ್ದರೆ ಕಾಂಕ್ರೀಟ್ ಬರುವುದನ್ನು ಒಂದು ದಿನ ಮುಂದೂಡಿ. ಮೇಸ್ತ್ರಿಗೆ ಕೋಪ ಬಂದರೂ ಚಿಂತೆಯಿಲ್ಲ.

ಪೀಠಗಳನ್ನು ವಾಟರ್‌ಪ್ರೂಫಿಂಗ್‌ಗೆ ಮೊದಲೇ ಕಟ್ಟಿದರೆ ನೀರುನಿರೋಧಕ ಪದರವು ಪೀಠದ ಬುಡವನ್ನು ಏರಿ ಸುತ್ತುವರಿಯುತ್ತದೆ. ಆಮೇಲೆ ಬಂದವರು ನೇರವಾಗಿ ತಾರಸಿಗೆ ಆಂಕರ್ ಬೋಲ್ಟ್ ಹೊಡೆದರೆ ಪ್ರತಿ ಬೋಲ್ಟೂ ಒಂದು ಸೋರಿಕೆಯ ಬಾಯಾಗುತ್ತದೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ದುಡ್ಡು ತಿಂದ ಅನುಕ್ರಮದ ತಪ್ಪು ಇದೇ.

ಇಳಿಜಾರು ನೂರಕ್ಕೆ ಒಂದರಷ್ಟಾದರೂ ಇರಲಿ. ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪುಗಳ ಬಾಯಿ ಮುಚ್ಚಿ, ತಾರಸಿಯಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಕೆಳಗಿನ ಸೀಲಿಂಗನ್ನು ಗಮನಿಸಿ. ಈ ಪರೀಕ್ಷೆಯಾಗದೆ ಗುತ್ತಿಗೆದಾರರಿಗೆ ಆ ಕೆಲಸದ ಕೊನೆಯ ಕಂತು ಕೊಡಬೇಡಿ.

ಶಾಖದ ಲೆಕ್ಕಕ್ಕೆ ಬರೋಣ. ಸಂಹಿತೆಯ ಪ್ರಕಾರ ತಾರಸಿಯ ಶಾಖ ದಾಟಿಸುವ ಮಟ್ಟ, ಅಂದರೆ ಯು ಮೌಲ್ಯ, 1.2 ಮೀರಬಾರದು. ಬರೀ ಆರು ಇಂಚಿನ ಕಾಂಕ್ರೀಟ್ ತಾರಸಿಯಲ್ಲಿ ಇದು 3ಕ್ಕಿಂತ ಮೇಲಿರುತ್ತದೆ. ಇಟ್ಟಿಗೆ ಚೂರು, ಸುಣ್ಣದ ಹಾಸಿನಿಂದ ಸ್ವಲ್ಪ ಇಳಿಯುತ್ತದೆ, ಆದರೆ ಸಾಲದು. 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಫೋಮ್ ಹಾಳೆ ಹಾಸಿ, ಅದರ ಮೇಲೆ ತೆಳು ಕಾಂಕ್ರೀಟ್ ಹಾಕಿದರೆ ಲೆಕ್ಕ 1ರ ಆಸುಪಾಸಿಗೆ ಬರುತ್ತದೆ. 40 ಮಿಲಿಮೀಟರ್ ಆದರೆ ಇನ್ನೂ ಒಳ್ಳೆಯದು. ಹಾಳೆ ಕೊಳ್ಳುವಾಗ ಸಾಂದ್ರತೆ ಮತ್ತು ಒತ್ತಡ ತಡೆಯುವ ಶಕ್ತಿಯನ್ನು ಬಿಲ್ಲಿನಲ್ಲಿ ಬರೆಸಿ. ಪ್ಯಾಕಿಂಗಿಗೆ ಬಳಸುವ ಥರ್ಮೋಕೋಲ್ ಕಾಲ್ತುಳಿತಕ್ಕೆ ಕುಸಿದು, ಮೇಲಿನ ಕಾಂಕ್ರೀಟನ್ನೂ ಬಿರಿಸುತ್ತದೆ.

ಮೇಲ್ಪದರಕ್ಕೆ ಬಿಳಿ ಟೈಲ್ಸ್ ಅಥವಾ ಬಿಸಿಲನ್ನು ಪ್ರತಿಫಲಿಸುವ ಬಿಳಿ ಲೇಪ. ಲೇಪವೊಂದನ್ನೇ ಹಚ್ಚಿ ಹಾಳೆಯನ್ನು ಬಿಡಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಲೇಪದಿಂದ ತಾರಸಿ ಕಾಯುವುದು ಖಂಡಿತ ಕಡಿಮೆಯಾಗುತ್ತದೆ, ಆದರೆ ಧೂಳು ಕೂತಂತೆ ಅದರ ಗುಣ ಕುಗ್ಗುತ್ತದೆ ಮತ್ತು ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಹೊಸ ಮನೆಗೆ ಎರಡೂ ಇರಲಿ. ಹಳೆಯ ಮನೆಗೆ ಹಣ ಸಾಲದಿದ್ದರೆ ಲೇಪದಿಂದಲೇ ಆರಂಭಿಸಬಹುದು.

## ಹಂತ 5: ಬಿಸಿನೀರು ಮತ್ತು ಜೋಡಿ ಪೈಪು

ಸೋಲಾರ್ ಹೀಟರಿನ ಕಲೆಕ್ಟರ್, ಅಂದರೆ ಬಿಸಿಲು ಹೀರುವ ಭಾಗ, ದಕ್ಷಿಣಕ್ಕೆ ಮುಖ ಮಾಡಿರಬೇಕು, ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಅದರ ಮೇಲೆ ನೆರಳು ಬೀಳಬಾರದು. ಪಕ್ಕದ ನಿವೇಶನ ಖಾಲಿಯಿದ್ದರೆ ನಾಳೆ ಅಲ್ಲಿ ಮೂರು ಮಹಡಿ ಏಳಬಹುದೆಂದು ಈಗಲೇ ಊಹಿಸಿ ಜಾಗ ಆರಿಸಿ.

ಇಲ್ಲಿ ಎಲ್ಲರೂ ಎಡವುವುದು ಎತ್ತರದಲ್ಲಿ. ಸಾಮಾನ್ಯ ಹೀಟರಿಗೆ ತಣ್ಣೀರು ತನ್ನ ಭಾರದಿಂದಲೇ ಇಳಿದು ಬರಬೇಕು, ಆದ್ದರಿಂದ ಓವರ್‌ಹೆಡ್ ಟ್ಯಾಂಕಿನ ತಳವು ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಟ್ಯಾಂಕಿನ ಸ್ಟ್ಯಾಂಡನ್ನು ಐದು ಅಡಿಗೆ ಕಟ್ಟಿ ಮುಗಿಸಿದ ಮೇಲೆ ಇದು ಗೊತ್ತಾದರೆ, ಒತ್ತಡದ ಪಂಪು ಕೊಂಡು ಜೀವನಪೂರ್ತಿ ವಿದ್ಯುತ್ ಸುಡಬೇಕಾಗುತ್ತದೆ. ಹೀಟರ್ ಮಾರುವವರಿಂದ ಎತ್ತರದ ಅಳತೆಯನ್ನು ಮೊದಲೇ ಬರೆಸಿಕೊಂಡು, ಟ್ಯಾಂಕಿನ ಕಂಬಗಳನ್ನು ಆಮೇಲೆ ಎಬ್ಬಿಸಿ.

ಬಿಸಿನೀರಿಗೆ ಬಿಸಿ ತಾಳುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪು, ಅದರ ಮೇಲೆ ಶಾಖನಿರೋಧಕ ಕವಚ. ಪೈಪಿನ ಹಾದಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಬಿಸಿನೀರು ಬರುವವರೆಗೆ ದಿನಾಲೂ ಎರಡು ಬಕೆಟ್ ತಣ್ಣೀರು ಹರಿಯಬಿಡುವ ಮನೆಯಲ್ಲಿ ವಿದ್ಯುತ್ ಉಳಿದರೂ ನೀರು ಹಾಳಾಗುತ್ತದೆ. ಸ್ನಾನದ ಮನೆಗಳು ಒಂದರ ಮೇಲೊಂದು ಬರುವಂತೆ ನಕ್ಷೆ ಬರೆಸಿದ್ದರೆ ಈ ತೊಂದರೆಯೇ ಇರುವುದಿಲ್ಲ. ಕೊಳವೆಬಾವಿಯ ಗಡಸು ನೀರಾದರೆ ಒಳಗೆ ಉಪ್ಪು ಕಟ್ಟುವುದನ್ನು ಮನಸ್ಸಿನಲ್ಲಿಟ್ಟು ಹೀಟರಿನ ಬಗೆಯನ್ನು ಆರಿಸಿ.

ಶೌಚಾಲಯದ ಫ್ಲಷ್, ಅಂಗಳ ತೊಳೆಯುವ ನಲ್ಲಿ, ಗಿಡಗಳಿಗೆ ಬೇರೆಯದೇ ಪೈಪು ಎಳೆಸಿ. ಈಗ ಅದರಲ್ಲೂ ಅದೇ ನೀರು ಹರಿದರೂ ಪರವಾಗಿಲ್ಲ. ಮುಂದೆ ಬಳಸಿ ಶುದ್ಧೀಕರಿಸಿದ ನೀರನ್ನೋ ಇಂಗುಬಾವಿಯ ನೀರನ್ನೋ ಅದಕ್ಕೆ ಜೋಡಿಸಬಹುದು. ಎರಡು ಸಾಲಿನ ಪೈಪುಗಳಿಗೂ ಬೇರೆ ಬೇರೆ ಬಣ್ಣ ಇರಲಿ, ಎಂದಿಗೂ ಅವು ಒಂದಕ್ಕೊಂದು ಕೂಡಬಾರದು. ನಲ್ಲಿಗಳಿಗೆ ಗಾಳಿ ಬೆರೆಸಿ ನೀರು ಉಳಿಸುವ ಏರೇಟರ್ ಹಾಕಿಸುವುದು ಇಡೀ ಪಟ್ಟಿಯಲ್ಲೇ ಅಗ್ಗದ ಕೆಲಸ.

## ಹಂತ 6: ತಾರಸಿ ವಿದ್ಯುತ್

ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ನಿರೀಕ್ಷಿಸಬಹುದು. ಮನೆ ತಾರಸಿಯ ಸೋಲಾರಿಗೆ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಹೀಗೆ ಗರಿಷ್ಠ 78,000 ರೂಪಾಯಿ ಸಹಾಯಧನ ಗೊತ್ತಾಗಿದೆ. 2024ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆಯ ಅವಧಿ 2026-27ರವರೆಗೆ.

ಅನುಕ್ರಮ ಹೀಗಿರಲಿ: ಮೊದಲು ವಿದ್ಯುತ್ ಸಂಪರ್ಕ ನಿಮ್ಮ ಹೆಸರಿನಲ್ಲಿ ಕಾಯಂ ಆಗಬೇಕು, ಆಮೇಲೆ ಯೋಜನೆಯ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ, ನೋಂದಾಯಿತ ಮಾರಾಟಗಾರರ ಆಯ್ಕೆ, ಅಳವಡಿಕೆ, ನೆಟ್ ಮೀಟರ್ (ಕೊಟ್ಟ ಮತ್ತು ಪಡೆದ ವಿದ್ಯುತ್ತನ್ನು ಅಳೆಯುವ ಮೀಟರ್), ತಪಾಸಣೆ, ಕೊನೆಯಲ್ಲಿ ಬ್ಯಾಂಕ್ ಖಾತೆಗೆ ಸಹಾಯಧನ. ಫಲಕವನ್ನು ಮೊದಲು ಹಾಕಿಸಿ ಅರ್ಜಿಯನ್ನು ಆಮೇಲೆ ಸಲ್ಲಿಸಿದರೆ ಸಹಾಯಧನ ಕೈತಪ್ಪುತ್ತದೆ. ಫಲಕಗಳು ದೇಶೀಯವಾಗಿ ತಯಾರಾದ ಕೋಶಗಳಿಂದಲೇ ಮಾಡಿದವಾಗಿರಬೇಕೆಂಬ ಷರತ್ತನ್ನೂ ಮರೆಯಬೇಡಿ.

ಫಲಕಗಳು ದಕ್ಷಿಣಕ್ಕೆ, ಓವರ್‌ಹೆಡ್ ಟ್ಯಾಂಕ್ ಅವುಗಳ ಉತ್ತರಕ್ಕೆ. ಟ್ಯಾಂಕಿನ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಆ ಸಾಲಿನ ಒಟ್ಟು ಉತ್ಪಾದನೆ ಇಳಿಯಬಹುದು.

## ಹಂತ 7: ಒಳಗಿನ ಉಪಕರಣಗಳು

ಇದರಲ್ಲಿ ಹೇಳಬೇಕಾದದ್ದು ಕಡಿಮೆ. ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಹಳೆಯ ಫ್ಯಾನು 70–75 ವ್ಯಾಟ್ ತೆಗೆದುಕೊಳ್ಳುವಲ್ಲಿ ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟಿನಲ್ಲಿ ತಿರುಗುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ ಮುಂದೆ ವಿದ್ಯುತ್ ವಾಹನದ ಚಾರ್ಜರಿಗಾಗಿ ಪ್ರತ್ಯೇಕ ಖಾಲಿ ಕೊಳವೆಯನ್ನು ಈಗಲೇ ಎಳೆಸಿಡಿ.

## ಹಂತ 8: ತಪಾಸಣೆ ಮತ್ತು ದಾಖಲೆ

ಮುಚ್ಚಿಹೋಗುವ ಪ್ರತಿ ಕೆಲಸದ ಫೋಟೊ ಬೇಕು: ಇಂಗುಬಾವಿಯ ತಳ, ಸಂಪಿಗೆ ಸೇರುವ ಪೈಪು, ತಾರಸಿಯ ಹಾಳೆ, ಕವಚ ಹಾಕಿದ ಬಿಸಿನೀರಿನ ಪೈಪು. ಫೋಟೊದಲ್ಲಿ ಮನೆಯ ಗುರುತು ಸಿಗುವಂತೆ ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ಹೀಟರ್, ಮಳೆನೀರಿನ ಸೋಸುಕ, ಫೋಮ್ ಹಾಳೆಗಳ ಬಿಲ್ಲುಗಳನ್ನು ಒಂದೇ ಕಡತದಲ್ಲಿಡಿ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ, ಸ್ವಾಧೀನಾನುಭವ ಪತ್ರವಿಲ್ಲದ (ಒಸಿ, ಅಂದರೆ ನಕ್ಷೆಯಂತೆ ಕಟ್ಟಲಾಗಿದೆ, ವಾಸಿಸಬಹುದು ಎಂಬ ಪತ್ರ) ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡುವ ವಿಚಾರದಲ್ಲಿ ಕಚೇರಿಗಳು ಬಿಗಿಯಾಗಿವೆ. ಸಣ್ಣ ನಿವೇಶನಕ್ಕೆ ವಿನಾಯಿತಿಯಿದೆ ಎಂದು ಯಾರಾದರೂ ಭರವಸೆ ಕೊಟ್ಟರೆ, ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದು, ನಿಮ್ಮ ನಿವೇಶನದ ಅಳತೆಯೂ ಮಹಡಿಗಳ ಸಂಖ್ಯೆಯೂ ಅದರಲ್ಲಿ ಬರುತ್ತವೆಯೇ ಎಂದು ಓದಿ ನೋಡಿ. ಮಂಜೂರಾದ ನಕ್ಷೆಯನ್ನು ಮೀರಿ ಕಟ್ಟಿದ ಮನೆಗೆ ಮಳೆನೀರು ಕೊಯ್ಲಾಗಲಿ ಸೋಲಾರ್ ಆಗಲಿ ರಕ್ಷೆ ಕೊಡುವುದಿಲ್ಲ.

## ಹಳೆಯ ಮನೆಯ ನವೀಕರಣ: ಸಾಲು ಬದಲಾಗುತ್ತದೆ

ನವೀಕರಣದಲ್ಲಿ ಮೇಲಿನಿಂದ ಕೆಳಗೆ ಬನ್ನಿ. ಮೊದಲು ತಾರಸಿಯ ಸೋರಿಕೆ ಸರಿಪಡಿಸಿ, ಆಮೇಲೆ ಪೀಠ, ಹಾಳೆ, ಬಿಳಿ ಲೇಪ. ಸೋಲಾರ್ ಅದಾದ ಮೇಲೆ. ಸೋರುವ ತಾರಸಿಯ ಮೇಲೆ ಫಲಕ ಕೂರಿಸಿದರೆ ಎರಡೇ ವರ್ಷದಲ್ಲಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಇದೆಲ್ಲ ಮುಗಿದ ಮೇಲೆ ಮಳೆನೀರಿನ ಪೈಪುಗಳನ್ನು ಹೊರಗೋಡೆಯ ಮೇಲೇ ಇಳಿಸಿ, ಸೋಸುಕಕ್ಕೆ ಸೇರಿಸಿ, ಅಂಗಳದಲ್ಲಿ ಇಂಗುಬಾವಿ ತೋಡಿಸಿ. ಹೊರಗೋಡೆಯ ಪೈಪು ಚೆಂದ ಕಾಣದೆಂದು ಗೋಡೆಯೊಳಗೆ ಹುದುಗಿಸಬೇಡಿ. ಕಟ್ಟಿಕೊಂಡಾಗ ತೆಗೆಯುವ ದಾರಿಯೇ ಇರುವುದಿಲ್ಲ.

ಮಹಡಿ ಸೇರಿಸುವುದಾದರೆ ಹೊಸ ನಕ್ಷೆಗೆ ಮಂಜೂರಾತಿ ಬೇಕು, ಹಳೆಯ ಪಾಯ ಆ ಭಾರ ಹೊರುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು. 300 ಲೀಟರಿನ ಹೀಟರ್ ತುಂಬಿದಾಗ ನೀರಿನದೇ 300 ಕಿಲೋ ತೂಕವೆಂಬುದು ಆ ಲೆಕ್ಕದಲ್ಲಿ ಸೇರಿರಲಿ. ತಾರಸಿಗೆ ತಗಡಿನ ಚಾವಣಿ ಹಾಕಿಸುವವರು ಅದರ ಅಂಚಿಗೆ ನೀರು ಹರಿಯುವ ದೋಣಿ ಕಟ್ಟಿಸಿ ನೀರನ್ನು ಅದೇ ಮಳೆಪೈಪಿಗೆ ತರಬೇಕು. ಇಲ್ಲದಿದ್ದರೆ ವ್ಯವಸ್ಥೆಯಿದ್ದೂ ನೀರೆಲ್ಲ ಪಕ್ಕದ ಮನೆಯ ಗೋಡೆಗೆ ಬೀಳುತ್ತದೆ. ಒಡೆದ ಇಟ್ಟಿಗೆ, ಗಾರೆಗಳನ್ನು ರಾಜಕಾಲುವೆಗೋ ಖಾಲಿ ನಿವೇಶನಕ್ಕೋ ಸುರಿಯದೆ, ಪಾಲಿಕೆ ಗೊತ್ತುಮಾಡಿದ ಜಾಗಕ್ಕೆ ಕಳುಹಿಸುವುದಾಗಿ ಗುತ್ತಿಗೆಯ ಕರಾರಿನಲ್ಲೇ ಬರೆಸಿ.

## ಕೂಡಲೇ ಗಮನಿಸಬೇಕಾದ ಲಕ್ಷಣಗಳು

ಮಳೆ ನಿಂತು ಎರಡು ದಿನವಾದರೂ ಇಂಗುಬಾವಿಯ ನೀರು ಇಳಿಯದಿದ್ದರೆ ತಳದಲ್ಲಿ ಹೂಳು ಕೂತಿದೆ ಅಥವಾ ಸಂದುಗಳು ಮುಚ್ಚಿವೆ. ಬಾವಿ ತೋಡಿದವರನ್ನೇ ಕರೆಸಿ ತಳ ಕೆರೆಸಬೇಕು.

ಇಂಗುಬಾವಿಯಲ್ಲಿ ಕೆಟ್ಟ ವಾಸನೆ ಬಂದರೆ ಒಳಚರಂಡಿಯ ನೀರು ಒಸರುತ್ತಿರಬಹುದು. ಆ ನೀರಿನ ಬಳಕೆಯನ್ನು ಅಂದೇ ನಿಲ್ಲಿಸಿ, ಪಕ್ಕದ ಚೇಂಬರನ್ನು ಪರೀಕ್ಷಿಸಿ.

ಸೋಸುಕದ ಮೇಲಿನಿಂದ ನೀರು ಉಕ್ಕುತ್ತಿದ್ದರೆ ಎಲೆ ಕಸ ತುಂಬಿದೆ, ಇಲ್ಲವೇ ಸಂಪಿನ ಹೆಚ್ಚುವರಿ ನೀರಿನ ಪೈಪು ಸೋಸುಕಕ್ಕಿಂತ ಮೇಲಿದೆ. ಟ್ಯೂಬಿನಿಂದ ಮಟ್ಟ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಬಿಸಿಲಿರುವ ದಿನವೂ ಹೀಟರಿನ ನೀರು ಉಗುರುಬೆಚ್ಚಗಷ್ಟೇ ಆದರೆ ಕಲೆಕ್ಟರಿನ ಮೇಲಿನ ಧೂಳು, ಒಳಗೆ ಕಟ್ಟಿದ ಉಪ್ಪು, ಎಲ್ಲೋ ಬಿಸಿನೀರು ತಣ್ಣೀರಿನ ಸಾಲಿಗೆ ಬೆರೆಯುತ್ತಿರುವುದು, ಈ ಮೂರನ್ನೂ ಇದೇ ಸಾಲಿನಲ್ಲಿ ನೋಡಿ.

ಸೀಲಿಂಗಿನಲ್ಲಿ ದುಂಡನೆಯ ತೇವದ ಕಲೆ ಕಂಡರೆ ಅದು ಬಹುಮಟ್ಟಿಗೆ ಮೇಲಿನ ಯಾವುದೋ ಬೋಲ್ಟಿನ ನೇರ ಕೆಳಗಿರುತ್ತದೆ. ಬಣ್ಣ ಬಳಿದು ಮರೆಮಾಚದೆ, ಮುಂದಿನ ಮಳೆಗೆ ಮುಂಚೆ ಮೇಲಿನಿಂದಲೇ ಸರಿಪಡಿಸಿ.

ಮೇ ತಿಂಗಳ ಮೊದಲ ವಾರ ಮತ್ತು ಸೆಪ್ಟೆಂಬರ್ ಆರಂಭದಲ್ಲಿ, ವರ್ಷಕ್ಕೆ ಎರಡು ಸಲ, ತಾರಸಿಯನ್ನು ಗುಡಿಸಿ, ಪೈಪುಗಳ ಬಾಯಿಯ ಜಾಲರಿ ತೆಗೆದು ತೊಳೆದು, ಸೋಸುಕ ಬಿಚ್ಚಿ ಶುಚಿ ಮಾಡಿ. ಮೊದಲ ಮಳೆಯ ನೀರನ್ನು ಹೊರಬಿಡುವ ವಾಲ್ವ್ ತಿರುಗುತ್ತದೆಯೇ ಎಂದು ಅಂದೇ ಕೈಯಿಂದ ತಿರುಗಿಸಿ ನೋಡಿ.